ವಿದೇಶದ ಯುವ ಸಮಾವೇಶಕ್ಕೆ ಹೊರಡುವ ಮುನ್ನ: ಮಾಕುಟ್ಟ ಮಾರ್ಗವಾಗಿ ಕಣ್ಣೂರಿಗೆ ಹೋಗುವವರು ತಿಳಿದಿರಬೇಕಾದ ವಿಷಯಗಳು

ಅಮೆರಿಕ, ಇಂಗ್ಲೆಂಡ್, ಕೆನ್ಯಾ ಮೊದಲಾದ ದೇಶಗಳಲ್ಲಿ ನೆಲೆಸಿರುವ ಜೈನ ಬಂಧುಗಳು ಯುವಕ ಯುವತಿಯರಿಗಾಗಿ ಸಮಾವೇಶಗಳನ್ನು ನಡೆಸುತ್ತಾ ಬಂದಿದ್ದಾರೆ. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟವಾದ 'ಜೈನಾ' 1981ರಲ್ಲಿ ಸ್ಥಾಪನೆಯಾಯಿತು. ಅದರ ಯುವ ಸಂಘಟನೆ 'ಯಂಗ್ ಜೈನ್ಸ್ ಆಫ್ ಅಮೆರಿಕ' ಎರಡು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜುಲೈ ಆರಂಭದಲ್ಲಿ, ಸಮಾವೇಶ ನಡೆಸುತ್ತದೆ. ನಮ್ಮ ರಾಜ್ಯದಿಂದ ಮಕ್ಕಳನ್ನು ಇಂಥ ಕಾರ್ಯಕ್ರಮಗಳಿಗೆ ಕಳುಹಿಸಬೇಕೆಂದಿರುವ ಕುಟುಂಬಗಳಿಗೆ ಉಪಯುಕ್ತವಾಗಲೆಂದು ಈ ಮಾಹಿತಿ.

ಪಾಸ್‌ಪೋರ್ಟ್ ಮತ್ತು ಹೆಸರು

ಹಿಂದಿರುಗುವ ದಿನದಿಂದ ಮುಂದಕ್ಕೆ ಕನಿಷ್ಠ ಆರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳಿ. ಕೊಡಗು ಮತ್ತು ಮೈಸೂರು ಭಾಗದವರು ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕಾಗಿಲ್ಲ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲೇ ಆರಂಭವಾಯಿತು. 18 ತುಂಬದವರ ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. 15 ತುಂಬಿದವರು ಬೇಕಾದರೆ ಹತ್ತು ವರ್ಷದ ಪಾಸ್‌ಪೋರ್ಟನ್ನೇ ಪಡೆಯಬಹುದು.

ನಮ್ಮಲ್ಲಿ ಅನೇಕ ಮಕ್ಕಳಿಗೆ ಒಂದು ಹೆಸರು, ಒಂದು ಇನಿಷಿಯಲ್ ಮಾತ್ರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿ, ಹೆಸರು ಮತ್ತು ಉಪನಾಮದ ಎರಡೂ ಜಾಗ ತುಂಬಿಸುವುದು ಕ್ಷೇಮ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರ್‌ನಿಂದ ಪ್ರವಾಸಿ ವೀಸಾ ವಿಷಯದಲ್ಲಿ ನಿರ್ಬಂಧ ಹಾಕಿದೆ. ದುಬೈ, ಅಬುಧಾಬಿ ಮೂಲಕ ಹೋಗುವವರು ಇದನ್ನು ಮರೆಯಬಾರದು.

ವೀಸಾ

ಸಂಘಟಕರ ಆಹ್ವಾನ ಪತ್ರ ನೆರವಾಗುತ್ತದೆ, ಆದರೆ ಅದೇ ವೀಸಾ ಅಲ್ಲ. ಅಮೆರಿಕದ ವೀಸಾ ಸಂದರ್ಶನಕ್ಕೆ ದಿನ ಸಿಗಲು ತಿಂಗಳುಗಳೇ ಹಿಡಿಯುವುದುಂಟು. ಆದ್ದರಿಂದ ಸಮಾವೇಶದ ದಿನಾಂಕ ಪ್ರಕಟವಾದ ಕೂಡಲೇ ಅರ್ಜಿ ಹಾಕಿ. ವೀಸಾ ಕೈಸೇರುವ ಮೊದಲು ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ. ತಂದೆ ತಾಯಿ ಜೊತೆಗಿಲ್ಲದೆ ಹೋಗುವ ಅಪ್ರಾಪ್ತರ ಕೈಯಲ್ಲಿ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ, ಜೊತೆಗೆ ಹೋಗುವ ಹಿರಿಯರ ವಿವರ ಇರಲಿ.

ಕೆನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವಿಲ್ಲದೆ ಹಿಂದಿರುಗಿದರೆ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಸದಲ್ಲಿ ಇಡುತ್ತಾರೆ.

ಮಾಕುಟ್ಟದ ದಾರಿ

ಕಣ್ಣೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2018ರ ಡಿಸೆಂಬರ್ 9ರಂದು ಆರಂಭವಾಯಿತು. ಮಟ್ಟನ್ನೂರಿನಲ್ಲಿರುವ ಈ ನಿಲ್ದಾಣ ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ ಮಾರ್ಗವಾಗಿ ಸುಮಾರು 60 ಕಿ.ಮೀ. ದೂರ. ಬೆಂಗಳೂರಿನ ನಿಲ್ದಾಣ ಅದರ ನಾಲ್ಕು ಪಟ್ಟಿಗೂ ಹೆಚ್ಚು ದೂರದಲ್ಲಿದೆ. ಹಾಗಾಗಿ ದಕ್ಷಿಣ ಕೊಡಗಿನವರಿಗೆ ಕಣ್ಣೂರೇ ಹತ್ತಿರ.

ಆದರೆ ಮಾಕುಟ್ಟ ಘಟ್ಟದ ದಾರಿ ದಟ್ಟ ಕಾಡಿನ ನಡುವೆ ಇಳಿಯುತ್ತದೆ. 2018ರ ಜೂನ್‌ನ ಮಳೆಗೆ ಗುಡ್ಡ ಕುಸಿದು, ಮರಗಳು ಉರುಳಿ ಸಂಚಾರವೇ ನಿಂತುಹೋಗಿತ್ತು. ಜೂನ್, ಜುಲೈನಲ್ಲಿ ವಿಮಾನ ಇರುವವರು ಹಿಂದಿನ ದಿನವೇ ಘಟ್ಟ ಇಳಿದು ಇರಿಟ್ಟಿ ಅಥವಾ ಮಟ್ಟನ್ನೂರಿನಲ್ಲಿ ತಂಗುವುದು ಒಳಿತು. ಮಳೆಗಾಲದಲ್ಲಿ ಜಿಲ್ಲಾಡಳಿತ ಈ ರಸ್ತೆಯಲ್ಲಿ ಭಾರಿ ವಾಹನಗಳನ್ನು ನಿರ್ಬಂಧಿಸುವುದುಂಟು. ತಂಡವಾಗಿ ಬಸ್ಸಿನಲ್ಲಿ ಹೊರಡುವವರು ಆದೇಶವನ್ನು ಮೊದಲೇ ವಿಚಾರಿಸಿಕೊಳ್ಳಿ.

ಕಣ್ಣೂರಿನಿಂದ ಹೊರದೇಶಕ್ಕೆ ಹೋಗುವ ವಿಮಾನಗಳು ಬಹುತೇಕ ಕೊಲ್ಲಿ ನಗರಗಳಿಗೆ. ಅಲ್ಲಿಂದ ಲಂಡನ್ನಿಗೋ ಅಮೆರಿಕಕ್ಕೋ ಬೇರೆ ವಿಮಾನ ಹಿಡಿಯಬೇಕು. ಎರಡನ್ನೂ ಒಂದೇ ಟಿಕೆಟಿನಲ್ಲಿ ಮಾಡಿಸಿ. ಬೇರೆ ಬೇರೆ ಟಿಕೆಟ್ ಆದರೆ ಸಾಮಾನನ್ನು ನಡುವೆ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾಗಬಹುದು. ಅದಕ್ಕೆ ಹೊರಬರಲು ಆ ದೇಶದ ವೀಸಾ ಬೇಕಾದೀತು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟಿನ ಖರ್ಚೂ ನಿಮ್ಮದೇ.

ಆಹಾರ ಮತ್ತು ನಿಯಮ

ವಿಮಾನದ ಊಟಕ್ಕೆ 'ವಿಜೆಎಂಎಲ್' ಎಂಬ ಸಂಕೇತ ಹೇಳಿ. ಅದು ಕಂದಮೂಲ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಜೈನ ಊಟ. 'ಎವಿಎಂಎಲ್' ಕೇವಲ ಭಾರತೀಯ ಶೈಲಿಯ ಸಸ್ಯಾಹಾರ. ಅದರಲ್ಲಿ ಆಲೂಗಡ್ಡೆ, ಈರುಳ್ಳಿ ಬರಬಹುದು. ಕನಿಷ್ಠ ಎರಡು ದಿನ ಮೊದಲು ತಿಳಿಸಿ, ನಡುವೆ ಬದಲಾಗುವ ಪ್ರತಿ ವಿಮಾನಕ್ಕೂ ನಮೂದಾಗಿದೆಯೇ ನೋಡಿ. ಹಾಗಿದ್ದೂ ಒಂದು ಹೊತ್ತಿನ ಅವಲಕ್ಕಿ, ಖಾಖ್ರಾ ಕೈಚೀಲದಲ್ಲಿರಲಿ.

ಮನೆಯ ತಿಂಡಿ ಎಲ್ಲ ದೇಶಕ್ಕೂ ಸಲ್ಲುವುದಿಲ್ಲ. ಭಾರತದಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಬ್ರಿಟನ್ ನಿಷೇಧಿಸಿದೆ. ಪೇಡ, ತುಪ್ಪ ಮನೆಯಲ್ಲೇ ಬಿಡಿ. ಆಸ್ಟ್ರೇಲಿಯಾದಲ್ಲಿ ಪ್ರತಿ ಆಹಾರ ಪದಾರ್ಥವನ್ನೂ ಅರ್ಜಿಯಲ್ಲಿ ಘೋಷಿಸಬೇಕು, ಮುಚ್ಚಿಟ್ಟರೆ ದಂಡ. ಕೊಬ್ಬರಿ, ಕರ್ಪೂರ ಬೇಗ ಬೆಂಕಿ ಹಿಡಿಯುವ ವಸ್ತುಗಳಾದ್ದರಿಂದ ವಿಮಾನದಲ್ಲಿ ಬಿಡುವುದಿಲ್ಲ. ನವಿಲುಗರಿಯನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೆ ನಿಷೇಧವಿದೆ. ಆದ್ದರಿಂದ ಪಿಂಛಿಯ ಮಾದರಿ, ಬೀಸಣಿಗೆ ಯಾವುದನ್ನೂ ಕಾಣಿಕೆಯಾಗಿ ಕಟ್ಟಬೇಡಿ.

ರಾತ್ರಿ ಭೋಜನ ತ್ಯಾಗ ಪಾಲಿಸುವವರಿಗೆ ಇನ್ನೊಂದು ಮಾತು. ಜುಲೈ ಮೊದಲ ವಾರ ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಗಂಟೆಯ ಮೇಲೆ. ಗಡಿಯಾರ ನೋಡದೆ ಆ ಊರಿನ ಸೂರ್ಯಾಸ್ತ ನೋಡಿಕೊಳ್ಳಿ. ಅಷ್ಟಮಿ, ಚತುರ್ದಶಿಯ ನಿಯಮವನ್ನು ಅಲ್ಲಿ ಹೇಗೆ ಪಾಲಿಸಬೇಕು, ಪ್ರಯಾಣದ ದಿನ ಏನು ಮಾಡಬೇಕು ಎಂಬುದನ್ನು ಮನೆಯ ಹಿರಿಯರಲ್ಲಿ ಅಥವಾ ಗುರುಗಳಲ್ಲಿ ಕೇಳಿ ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿ. ವಿಮಾನದಲ್ಲಿ ಕುಳಿತು ತೀರ್ಮಾನಿಸಲು ಹೊರಟರೆ ಮಕ್ಕಳಿಗೆ ಗೊಂದಲವಾಗುತ್ತದೆ.

ಕೊನೆಯದಾಗಿ

ಭಾರತದ ನೋಟುಗಳನ್ನು ₹25,000ಕ್ಕಿಂತ ಹೆಚ್ಚು ಹೊರಗೆ ಒಯ್ಯುವಂತಿಲ್ಲ. ಉಳಿದ ಹಣ ಬ್ಯಾಂಕಿನ ವಿದೇಶಿ ವಿನಿಮಯ ಕಾರ್ಡಿನಲ್ಲಿರಲಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಪಾಸ್‌ಪೋರ್ಟ್, ವೀಸಾ, ವಿಮೆಯ ಒಂದೊಂದು ಪ್ರತಿಯನ್ನು ಮನೆಯಲ್ಲಿಡಿ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಮಕ್ಕಳ ಕೈಗೆ ಕೊಡಿ, ಮೊಬೈಲ್ ಕಳೆದರೂ ಅದು ಉಳಿದಿರುತ್ತದೆ. ಹೊರಟವರೆಲ್ಲರ ಪ್ರಯಾಣ ಸುಖಕರವಾಗಲಿ.

ಜೈ ಜಿನೇಂದ್ರ.