ಚಾರ್‌ಧಾಮ್ ಯಾತ್ರೆ: ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಸಿದ್ಧತೆ

ಯಮುನೋತ್ರಿ, ಗಂಗೋತ್ರಿ, ಕೇದಾರನಾಥ ಮತ್ತು ಬದರೀನಾಥ ಕ್ಷೇತ್ರಗಳ ದರ್ಶನಕ್ಕೆ ರಾಜ್ಯದಿಂದ ಪ್ರತಿ ವರ್ಷ ಅನೇಕ ಯಾತ್ರಾರ್ಥಿಗಳು ತೆರಳುತ್ತಿದ್ದು, ಅವರಲ್ಲಿ ಹಿರಿಯ ನಾಗರಿಕರೂ ಬಹಳ ಮಂದಿ ಇರುತ್ತಾರೆ. ಈ ನಾಲ್ಕೂ ಕ್ಷೇತ್ರಗಳು ಸಮುದ್ರ ಮಟ್ಟದಿಂದ 3,000 ಮೀಟರಿಗೂ ಹೆಚ್ಚು ಎತ್ತರದಲ್ಲಿವೆ. ಕೇದಾರನಾಥವು ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಎತ್ತರ ಸುಮಾರು 900 ಮೀಟರ್ ಮಾತ್ರ. ಸಹಾಯಧನದ ಅರ್ಜಿಗೆ ಅಗತ್ಯವಾದ ಟಿಕೆಟ್, ಗುರುತಿನ ಚೀಟಿ ಮುಂತಾದ ದಾಖಲೆಗಳನ್ನು ಯಾತ್ರಾರ್ಥಿಗಳು ಪ್ಲಾಸ್ಟಿಕ್ ಲಕೋಟೆಯಲ್ಲಿ ಜೋಪಾನವಾಗಿ ಒಯ್ಯುತ್ತಾರೆ. ಔಷಧಗಳ ವಿಷಯದಲ್ಲಿಯೂ ಅಷ್ಟೇ ಎಚ್ಚರಿಕೆ ಅವಶ್ಯ. ಈ ದಿಸೆಯಲ್ಲಿ ಸಾರ್ವಜನಿಕರ ಅನುಕೂಲಕ್ಕಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಪೆಟ್ಟಿಗೆ ಎಲ್ಲಿರಬೇಕು

ಗೌರಿಕುಂಡದಿಂದ ಕೇದಾರನಾಥಕ್ಕೆ ಸುಮಾರು 16 ಕಿ.ಮೀ. ಕಾಲ್ನಡಿಗೆಯ ಹಾದಿ. ದೊಡ್ಡ ಸಾಮಾನುಗಳನ್ನು ಸಾಮಾನ್ಯವಾಗಿ ಬಸ್ಸಿನಲ್ಲಿ ಅಥವಾ ಕೆಳಗಿನ ವಸತಿಗೃಹದಲ್ಲಿ ಬಿಟ್ಟು ಹೋಗಲಾಗುತ್ತದೆ. ಔಷಧದ ಪೆಟ್ಟಿಗೆಯೂ ಅಲ್ಲಿಯೇ ಉಳಿದರೆ ಅದು ಇದ್ದೂ ಇಲ್ಲದಂತೆ. ಆದುದರಿಂದ ಔಷಧಗಳನ್ನು ಎರಡು ಭಾಗ ಮಾಡತಕ್ಕದ್ದು. ಪೂರ್ಣ ದಾಸ್ತಾನು ಸಾಮಾನಿನ ಚೀಲದಲ್ಲಿರಲಿ. ಎರಡು ದಿನಗಳಿಗೆ ಸಾಕಾಗುವಷ್ಟು ಔಷಧ ಹಾಗೂ ತುರ್ತು ವಸ್ತುಗಳು ಯಾತ್ರಾರ್ಥಿಯ ಹೆಗಲ ಚೀಲದಲ್ಲಿಯೇ ಇರಲಿ. ಈ ಚೀಲವನ್ನು ಹೇಸರಗತ್ತೆಯ ಮೇಲಾಗಲೀ, ಮುಂದೆ ಸಾಗುವ ಕೂಲಿಯವರ ಕೈಯಲ್ಲಾಗಲೀ ಕಳುಹಿಸುವುದು ಸರಿಯಲ್ಲ.

ನಿತ್ಯದ ಔಷಧಗಳು

ಪ್ರಥಮ ಚಿಕಿತ್ಸೆ ಎಂದೊಡನೆ ಹತ್ತಿ, ಪಟ್ಟಿ, ಮುಲಾಮುಗಳೇ ನೆನಪಿಗೆ ಬರುತ್ತವೆ. ಆದರೆ ಈ ಯಾತ್ರೆಯಲ್ಲಿ ಮೊದಲ ಸ್ಥಾನ ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಉಬ್ಬಸ ಮುಂತಾದವುಗಳಿಗೆ ಪ್ರತಿದಿನ ಸೇವಿಸುವ ಔಷಧಗಳಿಗೆ ಸಲ್ಲಬೇಕು. ಮಳೆಯಿಂದ ಭೂಕುಸಿತವಾಗಿ ರಸ್ತೆಗಳು ದಿನಗಟ್ಟಲೆ ಮುಚ್ಚುವುದುಂಟು. ಪ್ರವಾಸದ ದಿನಗಳನ್ನು ಮಾತ್ರ ಲೆಕ್ಕ ಹಾಕದೆ, ಮೇಲೆ ಒಂದು ವಾರದ ಔಷಧವನ್ನು ಸೇರಿಸಿಕೊಳ್ಳತಕ್ಕದ್ದು. ಉದಾಹರಣೆಗೆ ದಿನಕ್ಕೆ ಎರಡರಂತೆ 14 ದಿನಗಳ ಪ್ರವಾಸಕ್ಕೆ 28 ಮಾತ್ರೆಗಳಾದರೆ, ಹೆಚ್ಚುವರಿ 14 ಸೇರಿ ಒಟ್ಟು 42 ಮಾತ್ರೆಗಳು ಬೇಕಾಗುತ್ತವೆ.

ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಒಂದೇ ಡಬ್ಬಿಯಲ್ಲಿ ತುಂಬಿಕೊಳ್ಳುವ ರೂಢಿ ಹಲವು ಮನೆಗಳಲ್ಲಿದೆ. ಹೀಗೆ ಮಾಡಿದಲ್ಲಿ ಔಷಧದ ಹೆಸರು, ಪ್ರಮಾಣ ಹಾಗೂ ಅವಧಿ ಮುಗಿಯುವ ದಿನಾಂಕ ಯಾವುದೂ ತಿಳಿಯುವುದಿಲ್ಲ. ವೈದ್ಯರ ಚೀಟಿಯ ಪ್ರತಿಯೂ ಜೊತೆಗಿರಬೇಕು. ಕಂಪನಿಯ ಹೆಸರಿನ ಔಷಧವು ಬೇರೆ ಊರಿನಲ್ಲಿ ದೊರೆಯದೆ ಹೋಗಬಹುದಾದ್ದರಿಂದ, ಔಷಧದ ಮೂಲ ಹೆಸರನ್ನೂ ವೈದ್ಯರಿಂದ ಬರೆಸಿಕೊಳ್ಳುವುದು ಉತ್ತಮ. ಇದರೊಂದಿಗೆ ಪ್ರತಿ ಯಾತ್ರಾರ್ಥಿಯ ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆ, ಒಗ್ಗದ ಔಷಧ ಹಾಗೂ ಮನೆಯ ದೂರವಾಣಿ ಸಂಖ್ಯೆಯುಳ್ಳ ಒಂದು ಚೀಟಿ ಇರಲಿ. ಇದನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕು. ಕನ್ನಡದಲ್ಲಿ ಮಾತ್ರ ಬರೆದ ಚೀಟಿಯನ್ನು ರುದ್ರಪ್ರಯಾಗದ ವೈದ್ಯರು ಓದಲಾರರು.

ಇನ್ಸುಲಿನ್ ಪಡೆಯುವವರು ವಿಶೇಷ ಗಮನ ಹರಿಸಬೇಕು. ಇನ್ಸುಲಿನ್ ಬಿಸಿಯಿಂದ ಕೆಡುವುದು ಎಲ್ಲರಿಗೂ ತಿಳಿದಿದೆ. ಹೆಪ್ಪುಗಟ್ಟಿದರೂ ಅದು ಕೆಡುತ್ತದೆ; ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ನನ್ನು ಬಳಸಲೇಬಾರದು. ವಿಮಾನದಲ್ಲಿ ಅದನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೂ, ಬೆಟ್ಟದ ಮೇಲೆ ಅಂಗಿಯ ಒಳಜೇಬಿನಲ್ಲಿ ಮೈಗೆ ಸಮೀಪದಲ್ಲಿಯೂ ಇಟ್ಟುಕೊಳ್ಳಬೇಕು. ಉಬ್ಬಸದವರ ಇನ್‌ಹೇಲರ್, ಹೃದ್ರೋಗಿಗಳಿಗೆ ವೈದ್ಯರು ಸೂಚಿಸಿರುವ ನಾಲಿಗೆಯ ಕೆಳಗಿಡುವ ಮಾತ್ರೆ ಇವು ಜೇಬಿನಲ್ಲಿರಬೇಕು ಮತ್ತು ಯಾವ ಜೇಬಿನಲ್ಲಿವೆ ಎಂಬುದು ಸಂಗಡಿಗರಿಗೆ ತಿಳಿದಿರಬೇಕು.

ಎತ್ತರದಿಂದ ಉಂಟಾಗುವ ತೊಂದರೆ

ಸುಮಾರು 2,500 ಮೀಟರ್ ಮೇಲ್ಪಟ್ಟ ಪ್ರದೇಶಗಳಲ್ಲಿ ವಾಯುವಿನ ಒತ್ತಡ ಇಳಿದು, ದೇಹಕ್ಕೆ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ. ತಲೆನೋವು, ವಾಕರಿಕೆ, ಆಯಾಸ, ನಿದ್ರೆ ಬಾರದಿರುವುದು ಇದರ ಮೊದಲ ಲಕ್ಷಣಗಳು. ಇವನ್ನು ಉಪವಾಸದ ಅಥವಾ ನಡಿಗೆಯ ದಣಿವೆಂದು ಭಾವಿಸಿ, ತಲೆನೋವಿನ ಮಾತ್ರೆ ನುಂಗಿ ಮತ್ತೆ ಏರುವುದು ಅಪಾಯಕರ. ಲಕ್ಷಣಗಳು ಇಳಿಯುವವರೆಗೆ ಅಲ್ಲಿಯೇ ವಿಶ್ರಮಿಸಬೇಕು. ಸುಮ್ಮನೆ ಕುಳಿತಾಗಲೂ ಏದುಸಿರು, ನಿಲ್ಲದ ಕೆಮ್ಮು, ತುಟಿ ನೀಲಿಗಟ್ಟುವುದು, ಮಾತು ತಡವರಿಸುವುದು, ನೇರವಾಗಿ ನಡೆಯಲಾಗದೆ ತೂರಾಡುವುದು ಕಂಡುಬಂದಲ್ಲಿ ದರ್ಶನ ಎಷ್ಟೇ ಸಮೀಪದಲ್ಲಿದ್ದರೂ ತಡಮಾಡದೆ ಕೆಳಗಿಳಿಸಿ ವೈದ್ಯರ ಬಳಿ ಒಯ್ಯತಕ್ಕದ್ದು. ಇಳಿಯುವುದಕ್ಕೆ ಬದಲಾಗಿ ಬಳಸಬಹುದಾದ ಮಾತ್ರೆ ಯಾವುದೂ ಇಲ್ಲ.

ಅಸೆಟಜೋಲಮೈಡ್ ಎಂಬ ಮಾತ್ರೆ ಈ ತೊಂದರೆಯನ್ನು ತಡೆಯಲು ನೆರವಾಗುತ್ತದೆಯಾದರೂ ಅದು ಎಲ್ಲರಿಗೂ ಹೊಂದುವುದಿಲ್ಲ. ಸಲ್ಫಾ ಔಷಧಗಳು ಒಗ್ಗದವರು ಹಾಗೂ ಮೂತ್ರಪಿಂಡದ ತೊಂದರೆಯುಳ್ಳವರು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ಸಹಯಾತ್ರಿಕರು ಕೊಟ್ಟರೆಂದು ಸೇವಿಸಬಾರದು. ಹೆಲಿಕಾಪ್ಟರಿನಲ್ಲಿ ಹೋಗುವವರಿಗೆ ಭಯವಿಲ್ಲವೆಂಬ ನಂಬಿಕೆ ತಪ್ಪು. ಕೆಲವೇ ನಿಮಿಷಗಳಲ್ಲಿ ಮೇಲೇರುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಕಾಲಾವಕಾಶವೇ ಇರುವುದಿಲ್ಲ. ಮಾರ್ಗದಲ್ಲಿ ಮಾರುವ ಸಣ್ಣ ಆಮ್ಲಜನಕದ ಡಬ್ಬಿಗಳಿಂದ ದೊರೆಯುವ ಉಪಶಮನ ಅಲ್ಪಕಾಲದ್ದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಒಯ್ಯುವವರು ಬೆರಳು ತಣ್ಣಗಿದ್ದಾಗ ಅದು ತಪ್ಪು ಅಂಕಿ ತೋರಿಸಬಹುದೆಂಬುದನ್ನು ಅರಿತಿರಬೇಕು. ಅಂಕಿಗಿಂತ ಮೊದಲು ವ್ಯಕ್ತಿಯ ಸ್ಥಿತಿಯನ್ನು ನೋಡಬೇಕು.

ಇತರೆ ವಸ್ತುಗಳು

ವಾಂತಿ ಭೇದಿಗೆ ಓ.ಆರ್.ಎಸ್. ಪುಡಿಯ ಪೊಟ್ಟಣಗಳು ಅತ್ಯಾವಶ್ಯಕ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಸಣ್ಣದು 200 ಮಿ.ಲೀ. ನೀರಿಗೆ ಇರುತ್ತದೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪಿನಂಶ ಮಿತಿಮೀರಿ ಹಾನಿಯಾಗುತ್ತದೆ. ಕಲಸಿದ ದ್ರಾವಣವನ್ನು 24 ಗಂಟೆಗಳ ನಂತರ ಚೆಲ್ಲಬೇಕು. ಈ ಹೆಸರನ್ನು ಹೋಲುವ ಸಿಹಿ ಪಾನೀಯಗಳು ಓ.ಆರ್.ಎಸ್. ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತಿಲ್ಲದ ಪಾನೀಯಗಳ ಮೇಲೆ ಈ ಹೆಸರನ್ನು ಬಳಸದಂತೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಜ್ವರ ಮತ್ತು ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ನೆಗಡಿಯ ಹಲವು ಮಾತ್ರೆಗಳಲ್ಲಿಯೂ ಅದೇ ಔಷಧ ಸೇರಿರುವುದರಿಂದ, ಎರಡನ್ನೂ ಒಟ್ಟಿಗೆ ಸೇವಿಸುವ ಮುನ್ನ ಸ್ಟ್ರಿಪ್ ಓದಬೇಕು. ಘಟ್ಟದ ತಿರುವುಗಳಲ್ಲಿ ವಾಂತಿಯಾಗುವವರು ವೈದ್ಯರು ಸೂಚಿಸಿದ ಮಾತ್ರೆಯನ್ನು ಬಸ್ಸು ಹೊರಡುವ ಮೊದಲೇ ತೆಗೆದುಕೊಳ್ಳಬೇಕು.

ಗಾಯಗಳಿಗೆ ಶುದ್ಧ ಗಾಜ್ ಬಟ್ಟೆ, ಸುತ್ತುವ ಪಟ್ಟಿ, ಅಂಟುಪಟ್ಟಿ, ಪೊವಿಡೋನ್ ಅಯೋಡಿನ್ ಮುಲಾಮಿನ ಸಣ್ಣ ಟ್ಯೂಬ್, ಉಳುಕಿಗೆ ಒಂದು ಕ್ರೇಪ್ ಬ್ಯಾಂಡೇಜ್ ಇರಲಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯನ್ನಿಟ್ಟು ಬಿಡದೆ ಒತ್ತಿ ಹಿಡಿಯಬೇಕು. ಕಾಫಿ ಪುಡಿ, ಅರಿಶಿನ ತುಂಬಬಾರದು. ಹೊಸ ಬೂಟುಗಳಿಂದ ಎದ್ದ ಬೊಬ್ಬೆಗಳನ್ನು ಒಡೆಯದೆ ಅಂಟುಪಟ್ಟಿಯಿಂದ ಮುಚ್ಚಬೇಕು. (ಹೊಸ ಬೂಟುಗಳನ್ನು ಯಾತ್ರೆಯ ದಿನವೇ ಮೊದಲ ಬಾರಿಗೆ ತೊಡದಿರುವುದೇ ಲೇಸು.) ಯಾತ್ರಾಸ್ಥಳಗಳಲ್ಲಿ ನಾಯಿ, ಕೋತಿಗಳ ಕಾಟವಿರುವುದರಿಂದ ಒಂದು ಸಾಬೂನಿನ ತುಂಡು ಇಟ್ಟುಕೊಳ್ಳಬೇಕು. ಕಚ್ಚಿದ ಅಥವಾ ಪರಚಿದ ಜಾಗವನ್ನು ಸಾಬೂನು ಮತ್ತು ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ವಿಚಾರಿಸಬೇಕು. ಕತ್ತರಿಯನ್ನು ವಿಮಾನದ ಕೈಚೀಲದಲ್ಲಿ ಇಡದೆ ದೊಡ್ಡ ಸಾಮಾನಿನಲ್ಲಿ ಇಡಬೇಕು.

ತುರ್ತು ದೂರವಾಣಿ

ಆಂಬ್ಯುಲೆನ್ಸ್ ಸೇವೆಗೆ ಕರ್ನಾಟಕ ಮತ್ತು ಉತ್ತರಾಖಂಡ ಎರಡೂ ರಾಜ್ಯಗಳಲ್ಲಿ 108, ಇತರ ತುರ್ತು ನೆರವಿಗೆ 112, ರೈಲು ಪ್ರಯಾಣದ ಅವಧಿಯಲ್ಲಿ ವೈದ್ಯಕೀಯ ನೆರವಿಗೆ 139 ಸಂಖ್ಯೆಗಳಿಗೆ ಕರೆ ಮಾಡಬಹುದಾಗಿದೆ. ಮೊಬೈಲಿನ ಬ್ಯಾಟರಿ ಚಳಿಯಲ್ಲಿ ಬೇಗ ಇಳಿಯುವುದರಿಂದ, ಈ ಸಂಖ್ಯೆಗಳನ್ನೂ ತಂಡದ ಮುಖ್ಯಸ್ಥರ ಮತ್ತು ಮನೆಯವರ ಸಂಖ್ಯೆಗಳನ್ನೂ ಕಾಗದದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಕೊಳ್ಳತಕ್ಕದ್ದು.