ಪಂಪಿನ ಯಂತ್ರವೂ ತಂತಿಗಳೊಳಗಣ ಗದ್ದಲವೂ

ವಾಚಕರಲ್ಲಿ ತೋಟವುಳ್ಳ ಗೃಹಸ್ಥರು ಅನೇಕರಿರುವುದರಿಂದ, ಗುತ್ತಿಗಾರಿನ ನಮ್ಮ ಅಡಿಕೆತೋಟದಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ಅರಿಕೆಮಾಡುತ್ತೇವೆ. ಮೋಟಾರಿನ ವೇಗವನ್ನು ಬೇಕಾದಂತೆ ಹೆಚ್ಚುಕಡಿಮೆ ಮಾಡುವ ಡ್ರೈವ್ ಎಂಬ ಯಂತ್ರವನ್ನು ಕೆರೆದಂಡೆಯ 5 ಅಶ್ವಶಕ್ತಿಯ ಪಂಪಿಗೆ ಹಾಕಿಸಿದೆವು. ಕೊಳವೆಯಲ್ಲಿನ ನೀರಿನ ಒತ್ತಡವನ್ನು ಸೆನ್ಸರು ತಿಳಿಸಿದಂತೆ ಅದು ಪಂಪನ್ನು ನಡೆಯಿಸತಕ್ಕದ್ದು. ಆದರೆ ಯಂತ್ರವು ಚಾಲೂ ಆದೊಡನೆ ಮನೆಯ ಹಳೆಯ ರೇಡಿಯೋ ಮೊರೆಯತೊಡಗಿತು. ಪಂಪು ಕಾರಣವಿಲ್ಲದೆ ನಿಧಾನಿಸಿತು. ಫಾಲ್ಗುಣದ ಬಿಸಿಲಿನಲ್ಲಿ ಮೇಲಣ ತಟ್ಟಿನ ಸ್ಪ್ರಿಂಕ್ಲರುಗಳಿಗೆ ನೀರು ಏರದೆ, ಎಳೆಯ ಗಿಡಗಳ ಸೋಗೆಗಳು ಜೋತುಬಿದ್ದುವು.

ಇದರ ಕಾರಣವು ಹೀಗಿದೆ. ಸೆಕೆಂಡಿಗೆ 50 ಆವರ್ತನಗಳಂತೆ ಬರುವ ವಿದ್ಯುತ್ತನ್ನು ಡ್ರೈವು ಮೊದಲು ಏಕಮುಖವಾಗಿಸಿ, ಬಳಿಕ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟಾರಿಗೆ ಉಣಿಸುತ್ತದೆ. ಈ ಕತ್ತರಿಕೆಯು ಅತಿ ಹಠಾತ್ತಾದುದರಿಂದ ರೇಡಿಯೋ ತರಂಗಗಳ ಮಟ್ಟದ ಕಂಪನಗಳು ಏಳುತ್ತವೆ. ಶಬ್ದವು ಹರಡುವುದನ್ನು ನೈಯಾಯಿಕರು ವೀಚೀತರಂಗನ್ಯಾಯದಿಂದ, ಎಂದರೆ ತೆರೆಯಿಂದ ತೆರೆ ಹುಟ್ಟುವ ದೃಷ್ಟಾಂತದಿಂದ ವಿವರಿಸಿರುವರಷ್ಟೆ. ಈ ಗದ್ದಲವು ಕಿವಿಗೆ ಕೇಳದಿದ್ದರೂ ಒಂದು ತಂತಿಯಿಂದ ನೆರೆಯ ತಂತಿಗೆ ಹಬ್ಬುತ್ತದೆ. ಹೊರಟ ವಿದ್ಯುತ್ತು ಡ್ರೈವಿಗೆ ಮರಳಲೇಬೇಕು. ಸರಿಯಾದ ಹಾದಿಯಿಲ್ಲದಿದ್ದರೆ ಸಿಕ್ಕಿದ ತಂತಿಯಲ್ಲೆಲ್ಲ ನುಗ್ಗುತ್ತದೆ. ನಮ್ಮಲ್ಲಿ ಸೆನ್ಸರಿನ ತಂತಿಯೂ ಮೋಟಾರಿನ ತಂತಿಯೂ ಒಂದೇ ಪೈಪಿನಲ್ಲಿ ಸಾಗಿದ್ದುವು. ಗದ್ದಲವನ್ನೇ ಒತ್ತಡವೆಂದು ಬಗೆದು ಯಂತ್ರವು ವೇಗವನ್ನು ತಗ್ಗಿಸುತ್ತಿತ್ತು.

ಇಷ್ಟರಲ್ಲಿ ಸೋರಿಕೆಯ ವಿದ್ಯುತ್ತಿಗೆ ರಕ್ಷಣಾ ಸ್ವಿಚ್ಚೂ ಪದೇಪದೇ ಬೀಳತೊಡಗಿತು. "ಅರ್ತಿಂಗ್ ತಂತಿ ಬಿಚ್ಚಿಬಿಡುವಾ ಮಾಸ್ಟ್ರೇ, ಸರಿಹೋಗ್ತದೆ" ಎಂದು ಜೋಡಿಸಿದಾತನು ಹೇಳಿದನು. ನಾವು ಒಪ್ಪಲಿಲ್ಲ. ಒದ್ದೆನೆಲದಲ್ಲಿ ಬರಿಗಾಲಿನಿಂದ ನಿಂತು ಪಂಪನ್ನು ಮುಟ್ಟುವವರ ಪ್ರಾಣಕ್ಕೆ ಆ ತಂತಿಯೇ ಕಾವಲು.

ಕೊನೆಗೆ ಈ ಕೆಲಸವನ್ನು ಬಲ್ಲ ಇನ್ನೊಬ್ಬರು ಬಂದು ಎಲ್ಲವನ್ನೂ ಹೊಸದಾಗಿ ಜೋಡಿಸಿದರು. ಮೋಟಾರಿಗೆ ತಾಮ್ರದ ಹೆಣಿಗೆಯ ಹೊದಿಕೆಯುಳ್ಳ ಕೇಬಲನ್ನು ಆದಷ್ಟು ಗಿಡ್ಡವಾಗಿ ಎಳೆಯತಕ್ಕದ್ದು. ಆ ಹೊದಿಕೆಯ ಒಂದು ತುದಿಯನ್ನು ಡ್ರೈವಿನ ಲೋಹಫಲಕಕ್ಕೂ ಇನ್ನೊಂದನ್ನು ಮೋಟಾರಿನ ಮೈಗೂ, ಸುತ್ತಲೂ ಅಪ್ಪುವ ಕ್ಲ್ಯಾಂಪಿನಿಂದ ಬಿಗಿಯತಕ್ಕದ್ದು. ಜುಟ್ಟಿನಂತೆ ತಿರುಚಿ ಒಂದು ಸ್ಕ್ರೂವಿಗೆ ಕಟ್ಟಿದರೆ ಪ್ರಯೋಜನವು ಅಲ್ಪವೇ. ಸೆನ್ಸರಿಗೆ ಜೋಡಿಯಾಗಿ ಹೊಸೆದ, ಹೊದಿಕೆಯುಳ್ಳ ತಂತಿಯನ್ನು ಮೋಟಾರಿನ ಕೇಬಲಿನಿಂದ ಒಂದಡಿಯಾದರೂ ದೂರದಲ್ಲಿ ಒಯ್ಯಬೇಕು. ದಾಟಲೇಬೇಕಾದಲ್ಲಿ ಅಡ್ಡಲಾಗಿ ನೇರಕೋನದಲ್ಲಿ ದಾಟಿಸಬೇಕು. ಕರೆಂಟು ಒಳಬರುವ ಕಡೆಯಲ್ಲಿ ಡ್ರೈವಿನ ಮಗ್ಗುಲಲ್ಲೇ ಫಿಲ್ಟರನ್ನು ಕೂರಿಸಬೇಕು. ಫಿಲ್ಟರು ಗದ್ದಲವನ್ನು ಭೂಮಿಯ ಕಡೆಗೆ ಕಳುಹಿಸುವುದರಿಂದ ಅರ್ತಿಂಗು ಇನ್ನೂ ದೃಢವಾಗಿರಬೇಕು; ರಕ್ಷಣಾ ಸ್ವಿಚ್ಚು ಮೂರು ಫೇಸಿನ ಡ್ರೈವಿಗೆ ತಕ್ಕ 'ಬಿ' ವರ್ಗದ್ದಾಗಿರಬೇಕು. ಕರೆಂಟು ತೆಗೆದ ಬಳಿಕವೂ ಡ್ರೈವಿನೊಳಗೆ ಕೆಲವು ನಿಮಿಷ ವಿದ್ಯುತ್ತು ಉಳಿದಿರುತ್ತದೆ. ಆದುದರಿಂದ ತಿಳಿಯದವರು ಅದಕ್ಕೆ ಕೈಯಿಡಲಾಗದು.

ಕೊಳ್ಳುವಾಗಲೂ ವಿಚಾರಿಸತಕ್ಕದ್ದುಂಟು. ಐ.ಇ.ಸಿ. 61800-3 ಎಂಬ ಅಂತರರಾಷ್ಟ್ರೀಯ ನಿಯಮದಲ್ಲಿ ಇಂತಹ ಯಂತ್ರಗಳಿಗೆ ವರ್ಗಗಳಿವೆ. 'ಸಿ 3' ಎಂಬುದು ಕಾರ್ಖಾನೆಗಳಿಗಾಗಿ ಇರುವುದು. ಮನೆಗಳಿಗೂ ಕರೆಂಟು ಕೊಡುವ ಲೈನಿನಲ್ಲಿ 'ಸಿ 1' ಅಥವಾ, ಬಲ್ಲವರೇ ಜೋಡಿಸುವುದಾದರೆ, 'ಸಿ 2' ಯುಕ್ತವು.

ಈಗ ನಮ್ಮ ಮೇಲಣ ತಟ್ಟಿನಲ್ಲಿ ಸ್ಪ್ರಿಂಕ್ಲರುಗಳು ಸರಿಯಾಗಿ ತಿರುಗುತ್ತಿವೆ; ರಕ್ಷಣಾ ಸ್ವಿಚ್ಚು ಸುಮ್ಮನೆ ಬೀಳುವುದಿಲ್ಲ. ರೇಡಿಯೋದಲ್ಲಿ ಅಲ್ಪಸ್ವಲ್ಪ ಮೊರೆತ ಉಳಿದಿದೆ. ಅದನ್ನು ನಾವು ಸಹಿಸಿಕೊಂಡಿದ್ದೇವೆ. ಗದ್ದಲವನ್ನು ಅಡಗಿಸುವ ಆತುರದಲ್ಲಿ ಅರ್ತಿಂಗ್ ತಂತಿಯನ್ನು ಮಾತ್ರ ಯಾರೂ ಬಿಚ್ಚಿಸಬಾರದೆಂದು ನಮ್ಮ ಪ್ರಾರ್ಥನೆ.