ಒಂದೇ ರೂಪ, ಬೇರೆ ಬೇರೆ ಜೀವ

ಕಳೆದ ಬೇಸಿಗೆಯಲ್ಲಿ ಮಲ್ಲಿಂಗರ್ ಬಳಿಯ ಲಾಕ್ ಎನ್ನೆಲ್ ಸರೋವರದ ದಡದಲ್ಲಿ ಮೊಮ್ಮಗಳು ಒಂದು ಕಲ್ಲು ಮಗುಚಿದಳು. ಅಡಿಯಲ್ಲಿ ಕಪ್ಪಗಿನದೊಂದು ಮೆಲ್ಲನೆ ಜಾರುತ್ತಿತ್ತು. “ತಾತಾ, ಜಿಗಣೆನಾ?” ಎಂದಳು. ಅಲ್ಲ, ಅದು ಚಪ್ಪಟೆ ಹುಳು. ನಾವು ಪಿಯುಸಿಯಲ್ಲಿ ಓದಿದ ಪ್ಲನೇರಿಯಾದ ಬಳಗ. ಉದ್ದ ಸುಮಾರು ಒಂದು ಸೆಂಟಿಮೀಟರ್. ಭೂತಗನ್ನಡಿ ಹಿಡಿದರೆ ತಲೆಯ ಅಂಚಿನಲ್ಲಿ ಸಾಲುಗಟ್ಟಿದ ಪುಟ್ಟ ಕಣ್ಣುಗಳು. ಪಾಲಿಸೆಲಿಸ್ ಕುಲದ್ದು ಎಂದೆ. ಅದರಲ್ಲಿ ಯಾವ ಪ್ರಭೇದ ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಡೆನ್ಮಾರ್ಕಿನ ಓ. ಎಫ್. ಮ್ಯುಲ್ಲರ್ 1774ರಲ್ಲಿ ಇಂಥ ಹುಳುವಿಗೆ ‘ನಿಗ್ರಾ’ ಎಂದು ಹೆಸರಿಟ್ಟರು. 110 ವರ್ಷಗಳ ಬಳಿಕ, 1884ರಲ್ಲಿ, ಜಪಾನಿನ ಇಜಿಮಾ ‘ಟೆನುಯಿಸ್’ ಎಂಬುದನ್ನು ವರ್ಣಿಸಿದರು. 1954ರಲ್ಲಿ ವೇಲ್ಸಿನ ರೆನಾಲ್ಡ್‌ಸನ್ ಮತ್ತು ಇಬ್ಬರು ಸಂಗಡಿಗರು ‘ಹೆಪ್ಟಾ’ವನ್ನು ಸೇರಿಸಿದರು. ನಿಗ್ರಾ, ಟೆನುಯಿಸ್ ಎರಡೂ ಐರ್ಲೆಂಡಿನಲ್ಲಿವೆ. ನೋಡಲು ಒಂದೇ, ಆದರೆ ಟೆನುಯಿಸ್‌ನ ಗಂಡು ಜನನಾಂಗದಲ್ಲಿ ಸಣ್ಣ ಮುಳ್ಳುಗಳಿವೆ, ನಿಗ್ರಾಕ್ಕೆ ಇಲ್ಲ. ಹೊರನೋಟ ಒಂದೇ ಆಗಿದ್ದು ವಂಶ ಬೇರೆಯಾದ ಇಂಥವನ್ನು ಗುಪ್ತ ಪ್ರಭೇದಗಳೆನ್ನುತ್ತಾರೆ.

ಹೊಸ ಪ್ರಭೇದವನ್ನು ವರ್ಣಿಸುವುದು ನಮ್ಮ ಬಯಾಪ್ಸಿ ಪರೀಕ್ಷೆಯಂತೆಯೇ. ಹುಳುವನ್ನು ಮೇಣದಲ್ಲಿ ಹುದುಗಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೀಳುಗಳನ್ನು ಕ್ರಮವಾಗಿ ನೋಡುತ್ತಾ ಒಳಾಂಗಗಳ ಚಿತ್ರ ಬರೆಯಬೇಕು. ವರ್ಣತಂತುಗಳನ್ನು ಎಣಿಸಬೇಕು, ಈಗ ಡಿಎನ್‌ಎ ಸಹ ಹೋಲಿಸುತ್ತಾರೆ. ಕೊನೆಗೆ ಹೆಸರಿಗೆ ಸಾಕ್ಷಿಯಾಗಿ ಒಂದು ಮಾದರಿಯನ್ನು ವಸ್ತುಸಂಗ್ರಹಾಲಯದಲ್ಲಿ ಕಾಯ್ದಿಡುತ್ತಾರೆ. ಅದೇ ಹೋಲೋಟೈಪ್.

ಹುಳುವಿನ ಹೆಸರಿಗೆ ಇಷ್ಟೊಂದು ಪಾಡು ಏಕೆ? ನನ್ನ ವೃತ್ತಿಯದೇ ಉದಾಹರಣೆ ಕೊಡುತ್ತೇನೆ. ಊರಿನಲ್ಲಿದ್ದಾಗ, ಮಲಪರೀಕ್ಷೆಯ ವರದಿಯಲ್ಲಿ ‘ಅಮೀಬಾ ಸಿಸ್ಟ್’ ಎಂದು ಕಂಡರೆ ಮೆಟ್ರೊನಿಡಜೋಲ್ ಬರೆದುಕೊಡುತ್ತಿದ್ದೆ. ಸೂಕ್ಷ್ಮದರ್ಶಕದಲ್ಲಿ ಒಂದೇ ಆಗಿ ಕಾಣುವ ಆ ಸಿಸ್ಟ್‌ಗಳು ಎರಡು ಪ್ರಭೇದಗಳವು ಎಂದು ಫ್ರಾನ್ಸಿನ ಬ್ರಂಪ್ಟ್ 1925ರಲ್ಲೇ ಹೇಳಿದ್ದರು: ಕರುಳನ್ನು ಕೊರೆಯುವ ಹಿಸ್ಟೊಲಿಟಿಕಾ, ನಿರುಪದ್ರವಿ ಡಿಸ್ಪಾರ್. ವೈದ್ಯಲೋಕ ಅದನ್ನು ಒಪ್ಪಿದ್ದು 1990ರ ದಶಕದಲ್ಲಿ. ಅಷ್ಟರಲ್ಲಿ ನನ್ನ ಎಷ್ಟು ರೋಗಿಗಳು ಬಾಯಿ ಕೆಡಿಸುವ ಆ ಮಾತ್ರೆಯನ್ನು ಸುಮ್ಮನೆ ನುಂಗಿದರೋ!

ಸರೋವರಕ್ಕೂ ಇದೇ ಮಾತು. ಟೆನುಯಿಸ್‌ಗೆ ಸುಣ್ಣದಂಶ, ಪೋಷಕಾಂಶ ಹೆಚ್ಚಿರುವ ನೀರು ಒಗ್ಗುತ್ತದೆ. ನಿಗ್ರಾ ಅಷ್ಟು ಹುಲುಸಲ್ಲದ ನೀರಿನಲ್ಲೂ ಬಾಳುತ್ತದೆ. ಹೊಲದ ಗೊಬ್ಬರ ಹರಿದು ನೀರು ಬದಲಾಗಿ, ಒಂದು ಕಡಿಮೆಯಾಗಿ ಇನ್ನೊಂದು ಹೆಚ್ಚಿತೆನ್ನಿ. ಎರಡನ್ನೂ ‘ಕಪ್ಪು ಹುಳು’ ಎಂದೇ ಬರೆದುಕೊಂಡರೆ ಲೆಕ್ಕದಲ್ಲಿ ಏನೂ ಬದಲಾಗಿರುವುದಿಲ್ಲ. ರೋಗ ಇದ್ದೂ ವರದಿ ‘ನಾರ್ಮಲ್’ ಎಂದಂತೆ.

ಮಕ್ಕಳೊಂದಿಗೆ ಕೆರೆದಂಡೆಗೆ ಹೋದಾಗ ನೀವೂ ಒಂದು ಕಲ್ಲು ಮಗುಚಿ ನೋಡಿ. ನೋಡಿದ ಮೇಲೆ ಅದನ್ನು ಇದ್ದಂತೆಯೇ ಇಡಿ, ಸೋಪು ಹಾಕಿ ಕೈ ತೊಳೆಯಿರಿ. ಇಲಿಜ್ವರ ಇಲ್ಲಿಯೂ ಉಂಟು. ಹುಳು ಯಾವುದೆಂದು ಮಕ್ಕಳು ಕೇಳಿದರೆ, ಎರಡರಲ್ಲಿ ಒಂದು, ಕಣ್ಣಿಗೆ ಗೊತ್ತಾಗದು ಎನ್ನಿ. ನಾನೂ ಮೊಮ್ಮಗಳಿಗೆ ಹೇಳಿದ್ದು ಅಷ್ಟೇ.